ಒತ್ತು ಹೊಲಿಗೆಯ ಭ್ರಮೆ

"ಒತ್ತಾಗಿ ಹೊಲಿದಷ್ಟೂ ಗಟ್ಟಿ" ಎನ್ನುವವರ ಮೇಲೆ ನನ್ನದೊಂದು ತಕರಾರಿದೆ. ಒಮ್ಮೆ ಗೈಡ್ಸ್ ಶಿಬಿರಕ್ಕೆಂದು ತೆಳು ನೈಲಾನ್ ಬಟ್ಟೆಯ ಮೇಲ್ಹೊದಿಕೆಯನ್ನು ಹುಡುಗಿಯರಿಂದ ನಾನೇ ಹೊಲಿಸಿದ್ದೆ, ಒತ್ತೊತ್ತಾಗಿಯೇ. ರಾತ್ರಿಯ ಗಾಳಿಗೆ ಅದು ಹೊಲಿಗೆಯ ಸಾಲಿನಗುಂಟ ಅಂಚೆಚೀಟಿಯಂತೆ ಹರಿಯಿತು. ದಾರ ಮಾತ್ರ ತುಂಡಾಗಿರಲಿಲ್ಲ! ಸೂಜಿಯ ತೂತುಗಳು ಹತ್ತಿರವಾದಷ್ಟೂ ನಡುವಿನ ಬಟ್ಟೆ ಸೋಲುತ್ತದೆ.

ಬಲವಿರುವುದು ಮಡಿಕೆಯಲ್ಲಿ. ಎರಡು ಅಂಚುಗಳನ್ನು ಒಂದರೊಳಗೊಂದು ಕೊಕ್ಕೆಯಂತೆ ಮಡಚಿ, ಎರಡು ಸಾಲು ಹೊಲಿಯಬೇಕು. ಜೀನ್ಸ್ ಪ್ಯಾಂಟಿನ ಕಾಲಿನ ಹೊಲಿಗೆಯನ್ನು ನೋಡಿ. ಸಣ್ಣ ಸೂಜಿ, ಸುಮಾರು 3 ಮಿಲಿಮೀಟರ್ ಉದ್ದದ ಹೊಲಿಗೆ, ಪಾಲಿಯೆಸ್ಟರ್ ದಾರ ಸಾಕು. ಹತ್ತಿಯ ದಾರ ನೆನೆನೆನೆದು ಕೊಳೆಯುತ್ತದೆ. ಹಗ್ಗ ಕಟ್ಟುವ ಮೂಲೆಗಳಿಗೆ ಇನ್ನೊಂದು ತುಂಡು ಬಟ್ಟೆ ಕೊಡಬೇಕು, ಎಳೆತ ಅಲ್ಲೇ ಹೆಚ್ಚು.

ಇದನ್ನು ಕಲಿಸಲು ವಾರಕ್ಕೊಂದು ಪೀರಿಯಡ್ ಕೇಳಿದರೆ, "ಪರೀಕ್ಷೆಗೆ ಬರುವುದಿಲ್ಲವಲ್ಲ ಮೇಡಂ" ಎನ್ನುತ್ತಾರೆ. ಎಳೆತ ಎಲ್ಲಿ ಬೀಳುತ್ತದೆ, ಅದನ್ನು ಹೇಗೆ ಹಂಚಬೇಕು ಎಂಬುದು ವಿಜ್ಞಾನವಲ್ಲವೆ? ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿದರೆ ಮಾತ್ರ ಅದು ಬಲವೆ? "ಹೊಲಿಗೆ ಹೆಣ್ಣುಮಕ್ಕಳಿಗೆ" ಎಂಬ ಮಾತೂ ಬೇಡ. ಮುಂದಿನ ಸಲ ಸ್ಕೌಟ್ಸ್ ಹುಡುಗರನ್ನೂ ಯಂತ್ರದ ಮುಂದೆ ಕೂರಿಸುತ್ತೇನೆ. ಆಕ್ಷೇಪವಿದ್ದವರು ಒಂದು ಮಳೆಯ ರಾತ್ರಿ ಆ ಹರುಕು ಹೊದಿಕೆಯಡಿ ಮಲಗಿ ಬಂದು ಮಾತಾಡಲಿ.