ಮೃಗದ ಗುರುತು, ಕುರಿಮರಿಯ ಗುರುತು



ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಿಳಿಯುತ್ತಿದ್ದಾಗ ಕುಂಜತ್ತೂರಿನ ಹಿರಿಯ ತಾಯಿಯೊಬ್ಬರು ನನ್ನನ್ನು ಬದಿಗೆ ಕರೆದರು. ಕೈಯಲ್ಲಿ ಮೊಬೈಲು. ಗಲ್ಫಿನಲ್ಲಿರುವ ಸಂಬಂಧಿಕರು ಕಳುಹಿಸಿದ ವಾಟ್ಸಾಪ್ ಸಂದೇಶವನ್ನು ತೋರಿಸಿದರು. ಅಂತ್ಯಕಾಲ ಬಂದಾಯಿತು, ಮೃಗ ಹುಟ್ಟಿಯಾಯಿತು, ಅದರ ಸೈನ್ಯ ಸಿದ್ಧವಾಗುತ್ತಿದೆ ಎಂದೆಲ್ಲ ಅದರಲ್ಲಿತ್ತು. ಆ ಸೈನ್ಯ ಯಾವ ಧರ್ಮದವರದು ಎಂಬುದನ್ನೂ ಕೊನೆಯಲ್ಲಿ ಬರೆದಿದ್ದರು.

“ಪುತಾ, ನಮ್ಮ ಬೇಲಿಯಾಚೆಯ ಬ್ಯಾರಿಗಳ ಮನೆಯವರೂ ಇದರಲ್ಲಿ ಸೇರಿದವರೇ? ನಲವತ್ತು ವರ್ಷದಿಂದ ಒಂದೇ ಬಾವಿಯ ನೀರು ಕುಡಿದಿದ್ದೇವೆ” ಎಂದು ಕೇಳಿದರು.

ಮೆಟ್ಟಿಲ ಮೇಲೆ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಪೂಜಾ ವರ್ಷದ ಕೊನೆಯ ಭಾನುವಾರಗಳಲ್ಲಿ, ಕ್ರಿಸ್ತರಾಜರ ಹಬ್ಬಕ್ಕೆ ಮೊದಲು, ಅಂತ್ಯಕಾಲದ ವಾಚನಗಳನ್ನು ನಾವೆಲ್ಲರೂ ಕೇಳುತ್ತೇವೆ. ಕೇಳಿದ್ದನ್ನು ಸರಿಯಾಗಿ ಅರ್ಥಮಾಡಿಕೊಳ್ಳದಿದ್ದರೆ ಆ ಜಾಗವನ್ನು ಇಂಥ ಸಂದೇಶಗಳು ತುಂಬುತ್ತವೆ. ಆದ್ದರಿಂದ ಈ ತಿಂಗಳ ಅಂಕಣ ಆ ತಾಯಿಯ ಪ್ರಶ್ನೆಗೆ ಮೀಸಲು.

ಪತ್ಮೋಸಿನಿಂದ ಬಂದ ಪತ್ರ

ಮೊದಲಿಗೆ, ಪ್ರಕಟನಾ ಗ್ರಂಥವು ಜ್ಯೋತಿಷ್ಯದ ಪುಸ್ತಕವಲ್ಲ. ಅದು ಕಷ್ಟದಲ್ಲಿದ್ದ ಸಭೆಗಳಿಗೆ ಬರೆದ ಪತ್ರ. ಪತ್ಮೋಸ್ ದ್ವೀಪದಲ್ಲಿದ್ದ ಯೊವಾನ್ನರು ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದ ಏಳು ಸಭೆಗಳನ್ನು ಹೆಸರಿಟ್ಟು ಕರೆದು ಇದನ್ನು ಬರೆದರು. ಕ್ರಿ.ಶ. 95ರ ಸುಮಾರಿಗೆ, ಚಕ್ರವರ್ತಿ ದೊಮಿತಿಯಾನನ ಕಾಲದಲ್ಲಿ ಇದು ರಚಿತವಾಯಿತೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಚಕ್ರವರ್ತಿಯನ್ನು ದೇವರೆಂದು ಪೂಜಿಸಬೇಕಾಗಿದ್ದ ಕಾಲವದು. ಅಂಥ ಸಾಮ್ರಾಜ್ಯವನ್ನು ಯೊವಾನ್ನರು ಸಮುದ್ರದಿಂದ ಏರಿಬಂದ ಮೃಗವೆಂದು ಚಿತ್ರಿಸಿದರು.

ಈ ಭಾಷೆ ಅವರಿಗೆ ದಾನಿಯೇಲನ ಗ್ರಂಥದಿಂದ ಬಂದದ್ದು. ಕ್ರಿ.ಪೂ. 167ರಲ್ಲಿ ಅಂತಿಯೋಕನೆಂಬ ಅರಸನು ಜೆರುಸಲೇಮಿನ ಮಹಾದೇವಾಲಯವನ್ನು ಹೊಲೆಗೆಡಿಸಿ ಯೆಹೂದ್ಯರನ್ನು ಹಿಂಸಿಸಿದ ಕಾಲದಲ್ಲಿ, ದಾನಿಯೇಲನ ನಾಲ್ಕು ಮೃಗಗಳ ದರ್ಶನ ಜನರಿಗೆ ಧೈರ್ಯ ಕೊಟ್ಟಿತು. ಎರಡೂ ಗ್ರಂಥಗಳ ಸಾರ ಒಂದೇ: ಮೃಗಕ್ಕೆ ಕೊಟ್ಟಿರುವ ಕಾಲ ಸ್ವಲ್ಪ, ರಾಜ್ಯ ದೇವರದು. ಹೆದರಿದವರನ್ನು ಇನ್ನಷ್ಟು ಹೆದರಿಸಲು ಈ ಗ್ರಂಥಗಳನ್ನು ಬರೆಯಲಿಲ್ಲ.

ಆರುನೂರ ಅರವತ್ತಾರು

ಧರ್ಮೋಪದೇಶ ತರಗತಿಯಲ್ಲಿ ಒಬ್ಬ ಹುಡುಗ ಎದ್ದುನಿಂತು, “ಸರ್, ನಮ್ಮ ಹೆದ್ದಾರಿಯ ನಂಬರು 66, ಈಗ ಅದು ಆರು ಪಥ. ಒಟ್ಟು 666!” ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ಹೆದ್ದಾರಿ ಹಿಂದೆ 17 ಆಗಿತ್ತು. ಆಗ ಅದೇ ರಸ್ತೆಯಲ್ಲಿ ಸೈತಾನ ಇರಲಿಲ್ಲವೇ? ಲೆಕ್ಕ ಕೂಡಿಸಲೇಬೇಕೆಂದು ಹೊರಟರೆ ಎಲ್ಲಿಯೂ ಕೂಡಿಸಬಹುದು ಎಂಬುದಕ್ಕೆ ಆ ಹುಡುಗನಿಗಿಂತ ಒಳ್ಳೆಯ ಶಿಕ್ಷಕ ನಮಗೆ ಬೇಡ.

ಅಂದಿನ ಜನ ಅಕ್ಷರಗಳನ್ನೇ ಅಂಕೆಗಳಾಗಿ ಬಳಸುತ್ತಿದ್ದರು. ‘ನೇರೋನ್ ಕೈಸರ್’ ಎಂಬ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದರೆ 50, 200, 6, 50, 100, 60, 200, ಒಟ್ಟು 666. ಹೆಸರಿನ ಕೊನೆಯ ‘ನ್’ ಬಿಟ್ಟರೆ 616 ಆಗುತ್ತದೆ. ಕೆಲವು ಪುರಾತನ ಹಸ್ತಪ್ರತಿಗಳಲ್ಲಿ 616 ಎಂದೇ ಇದೆ! ಕ್ರಿ.ಶ. 64ರಲ್ಲಿ ರೋಮ್ ನಗರಕ್ಕೆ ಬೆಂಕಿ ಬಿದ್ದ ಮೇಲೆ ಕ್ರೈಸ್ತರನ್ನು ಕ್ರೂರವಾಗಿ ಕೊಲ್ಲಿಸಿದವನು ಇದೇ ನೀರೋ. ಆದ್ದರಿಂದ ಯೊವಾನ್ನರು ಅವನನ್ನೇ ಸೂಚಿಸಿದರೆಂದು ಇಂದು ಬಹುಮಂದಿ ಬೈಬಲ್ ಪಂಡಿತರು ಹೇಳುತ್ತಾರೆ.

ಎರಡನೆಯ ಶತಮಾನದಲ್ಲೇ ಸಂತ ಇರೇನಿಯಸ್‌ರು ಈ ಸಂಖ್ಯೆಯ ಬಗ್ಗೆ ಬರೆದಿದ್ದಾರೆ. ಅದಕ್ಕೆ ಹೊಂದುವ ಎರಡು ಮೂರು ಹೆಸರುಗಳನ್ನು ಹೇಳಿ, ಇವನೇ ಎಂದು ಖಂಡಿತವಾಗಿ ಹೆಸರಿಸುವ ಸಾಹಸ ಬೇಡವೆಂದು ಎಚ್ಚರಿಸಿದರು. 2022ರಲ್ಲಿ ಜಗದ್ಗುರು ಫ್ರಾನ್ಸಿಸ್‌ರು ಧರ್ಮಸಭೆಯ ಪಂಡಿತರೆಂದು ಘೋಷಿಸಿದ ಸಂತರೇ ಅಷ್ಟು ಹಿಂಜರಿದ ವಿಷಯವನ್ನು, ಊರು ಹೆಸರಿಲ್ಲದ ಒಂದು ಸಂದೇಶ ಎಷ್ಟು ಧೈರ್ಯವಾಗಿ ಹೇಳುತ್ತದೆ, ನೋಡಿ.

ಕ್ರಿಸ್ತವಿರೋಧಿ ಎಲ್ಲಿದ್ದಾನೆ?

‘ಕ್ರಿಸ್ತವಿರೋಧಿ’ ಎಂಬ ಪದ ಪ್ರಕಟನಾ ಗ್ರಂಥದಲ್ಲಿ ಒಂದು ಕಡೆಯೂ ಇಲ್ಲವೆಂದರೆ ಬಹುಮಂದಿಗೆ ಆಶ್ಚರ್ಯವಾಗುತ್ತದೆ. ಅದು ಬರುವುದು ಯೊವಾನ್ನರ ಮೊದಲನೆಯ ಮತ್ತು ಎರಡನೆಯ ಪತ್ರಗಳಲ್ಲಿ ಮಾತ್ರ. ಅಲ್ಲಿಯೂ ಅವರು ಒಬ್ಬನನ್ನಲ್ಲ, ಅನೇಕರನ್ನು ಹೇಳುತ್ತಾರೆ. ಅವರು ಹೊರಗಿನವರಲ್ಲ, ನಮ್ಮೊಳಗಿನಿಂದಲೇ ಹೊರಟವರು ಎನ್ನುತ್ತಾರೆ (1 ಯೊವಾ 2:18-19). ಬೇಲಿಯಾಚೆ ಹುಡುಕುವವರಿಗೆ ಈ ವಚನ ಬೇಲಿಯೊಳಗೆ ನೋಡಲು ಹೇಳುತ್ತದೆ.

ಥೆಸಲೋನಿಕದ ಸಭೆಯ ಪಾಡು ನಮ್ಮ ಪಾಡಿನಂತೆಯೇ ಇತ್ತು. ಪ್ರಭುವಿನ ದಿನ ಬಂದೇಬಿಟ್ಟಿತೆಂದು ಅಲ್ಲಿ ಗಾಬರಿ ಹಬ್ಬಿತ್ತು. ನಮ್ಮದೆಂದು ಹೇಳಿಕೊಂಡು ಬರುವ ಪತ್ರವನ್ನು ಕಂಡು ಬೆಚ್ಚಿಬೀಳಬೇಡಿ ಎಂದು ಪೌಲರು ಬರೆದರು (2 ಥೆಸ 2:2). ಅಂದರೆ ಇಂಥ ಸುಳ್ಳು ಸಂದೇಶಗಳಿಗೆ ಎರಡು ಸಾವಿರ ವರ್ಷದ ಇತಿಹಾಸವಿದೆ! ಅಧರ್ಮದ ಪುರುಷನ ಬಗ್ಗೆ ಎಚ್ಚರಿಸಿದ ಅದೇ ಪತ್ರದಲ್ಲಿ, ಕೆಲಸ ಬಿಟ್ಟು ಕುಳಿತವರಿಗೆ ದುಡಿದು ಉಣ್ಣಿರೆಂದೂ ಹೇಳಿದರು.

ಹಾಗೆಂದು ಅಂತ್ಯಕಾಲವೇ ಇಲ್ಲವೆಂದು ಧರ್ಮಸಭೆ ಹೇಳುವುದಿಲ್ಲ. ಪ್ರಭು ಮತ್ತೆ ಬರುವರೆಂದು ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಒಪ್ಪುತ್ತೇವೆ. ಅದಕ್ಕೆ ಮೊದಲು ಧರ್ಮಸಭೆ ಕಠಿಣ ಪರೀಕ್ಷೆಯನ್ನು ಹಾದುಹೋಗಬೇಕಾಗಿದೆ, ಮಾನವನು ದೇವರ ಜಾಗದಲ್ಲಿ ತನ್ನನ್ನೇ ಮೆರೆಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಮೋಸ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ (675-677). ಆದರೆ ಆ ದಿನ, ಆ ಗಳಿಗೆ ತಂದೆಗೆ ಮಾತ್ರ ಗೊತ್ತು ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಮಾರ್ಕ 13:32).

ತಪ್ಪಿದ ಲೆಕ್ಕಗಳು

ಲೆಕ್ಕ ಹಾಕಿದವರ ಕಥೆ ಏನಾಯಿತು? ಅಮೆರಿಕದ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಪ್ರಭುವಿಗಾಗಿ ಕಾದು ಕುಳಿತು ನಿರಾಶರಾದರು. ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದು ಸಾರಿದ. ಆ ದಿನ ಕಳೆದಾಗ ಅಕ್ಟೋಬರ್ ಎಂದ. ಅದೂ ಕಳೆದ ಮೇಲೆ ತಪ್ಪೊಪ್ಪಿಕೊಂಡ. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಜಗದ್ಗುರುಗಳನ್ನೇ ಕ್ರಿಸ್ತವಿರೋಧಿ ಎಂದ. ಆ ಬೆರಳು ನಮ್ಮ ಕಡೆಗೂ ತಿರುಗಿತ್ತೆಂಬುದನ್ನು ನಾವು ಮರೆಯಬಾರದು. ಆಧಾರ್ ಬಂದಾಗ ಮಿಜೋರಾಮಿನಲ್ಲಿ ಕೆಲವು ಕ್ರೈಸ್ತರು ಅದನ್ನು ಮೃಗದ ಗುರುತೆಂದು ನಿರಾಕರಿಸಿದರು. ಕೋವಿಡ್ ಲಸಿಕೆಯಲ್ಲಿ ಚಿಪ್ ಇದೆಯೆಂಬ ಸುದ್ದಿ ಹಬ್ಬಿತು. ಆ ಲಸಿಕೆ ಪಡೆಯುವುದು ನೈತಿಕವಾಗಿ ಒಪ್ಪತಕ್ಕದ್ದೆಂದು ವ್ಯಾಟಿಕನ್ 2020ರ ಡಿಸೆಂಬರಿನಲ್ಲೇ ತಿಳಿಸಿತ್ತು.

ಕೆನರಾದ ಕಥೋಲಿಕರಿಗೆ ನಿಜವಾಗಿಯೇ ಲೋಕ ಮುಗಿದಂತಾದ ಕಾಲವೊಂದಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು ನಮ್ಮ ಪೂರ್ವಜರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳು ನೆಲಸಮವಾದವು, ದಾರಿಯಲ್ಲೂ ಸೆರೆಯಲ್ಲೂ ಸಾವಿರಾರು ಮಂದಿ ಸತ್ತರು. 1799ರಲ್ಲಿ ಬಿಡುಗಡೆಯಾದವರು ಮರಳಿ ಬಂದು ಗದ್ದೆ ಉತ್ತರು, ಇಗರ್ಜಿ ಕಟ್ಟಿದರು. ಆ ನೆನಪನ್ನು ನಾವು ಗೌರವದಿಂದ ಉಳಿಸಿಕೊಳ್ಳಬೇಕು. ಆದರೆ ಅಂದಿನ ಅರಸನ ಮುಖವನ್ನು ಇಂದಿನ ನೆರೆಯವನ ಮೇಲೆ ಅಂಟಿಸಿದರೆ ಅದು ನೆನಪಲ್ಲ, ಸುಳ್ಳುಸಾಕ್ಷಿ.

ಹಣೆಯ ಮೇಲಿನ ಗುರುತು

ಮೃಗದ ಗುರುತು ಬಲಗೈಯ ಮೇಲೆ ಇಲ್ಲವೇ ಹಣೆಯ ಮೇಲೆ ಎಂದು ಪ್ರಕಟನೆ 13ರಲ್ಲಿ ಓದಿ ಬೆಚ್ಚುವವರು ಪುಟ ತಿರುಗಿಸುವುದೇ ಇಲ್ಲ. 14ನೆಯ ಅಧ್ಯಾಯದ ಮೊದಲ ವಚನದಲ್ಲೇ ಯಜ್ಞದ ಕುರಿಮರಿಯ ನಾಮವನ್ನೂ ಪಿತನ ನಾಮವನ್ನೂ ಹಣೆಯಲ್ಲಿ ಹೊತ್ತವರು ನಿಂತಿದ್ದಾರೆ. ದೇವರ ಆಜ್ಞೆಯನ್ನು ಕೈಗೂ ಹಣೆಗೂ ಕಟ್ಟಿಕೊಳ್ಳಿರೆಂದು ಮೋಶೆ ಇಸ್ರಯೇಲರಿಗೆ ಹೇಳಿದ್ದನು (ಧರ್ಮೋ 6:8). ಹಣೆಯೆಂದರೆ ನಮ್ಮ ಯೋಚನೆ, ಕೈಯೆಂದರೆ ನಮ್ಮ ಕೃತಿ. ಯಾರ ಮನಸ್ಸಿನಂತೆ ಯೋಚಿಸುತ್ತೇವೆ, ಯಾರಿಗಾಗಿ ದುಡಿಯುತ್ತೇವೆ ಎಂಬುದೇ ಗುರುತು. ಅದು ಸೂಜಿಯಿಂದಾಗಲಿ ಕಾರ್ಡಿನಿಂದಾಗಲಿ, ನಮಗರಿವಿಲ್ಲದೆ ಮೈಗೆ ಹತ್ತುವಂಥದ್ದಲ್ಲ.

ಜ್ಞಾನಸ್ನಾನದಲ್ಲಿ ನಮ್ಮ ಮಕ್ಕಳ ಹಣೆಗೆ ಗುರುಗಳು ಶಿಲುಬೆಯ ಗುರುತು ಹಾಕಿದ್ದಾರೆ, ತಂದೆತಾಯಿಯೂ ಹಾಕಿದ್ದಾರೆ. ದೃಢೀಕರಣದಲ್ಲಿ ಧರ್ಮಾಧ್ಯಕ್ಷರು ಪವಿತ್ರ ತೈಲದಿಂದ ಅದೇ ಹಣೆಗೆ ಮುದ್ರೆಯೊತ್ತಿದ್ದಾರೆ. ಒಮ್ಮೆ ಒತ್ತಿದ ಆ ಮುದ್ರೆ ಅಳಿಯುವುದಿಲ್ಲ. ನಮ್ಮ ಮಕ್ಕಳು ಆಗಲೇ ಗುರುತು ಪಡೆದವರು.

ತಲಪಾಡಿಯ ಪಾಠ

2020ರ ಮಾರ್ಚ್ ತಿಂಗಳನ್ನು ನಮ್ಮೂರಿನವರು ಯಾರೂ ಮರೆತಿಲ್ಲ. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಅರ್ಧ ಗಂಟೆಯ ದಾರಿಯಲ್ಲಿದ್ದ ಮಂಗಳೂರಿನ ಆಸ್ಪತ್ರೆಗಳು ಕೈಗೆಟುಕದಾದವು. ಆಂಬುಲೆನ್ಸುಗಳು ಹಿಂದಿರುಗಿದವು, ಚಿಕಿತ್ಸೆ ಸಿಗದೆ ರೋಗಿಗಳು ಪ್ರಾಣಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆಗಲೂ ಮೊಬೈಲುಗಳಲ್ಲಿ ಅಂತ್ಯಕಾಲದ ಲೆಕ್ಕಗಳು ಓಡಾಡುತ್ತಿದ್ದವು. ಆದರೆ ಅಂತಿಮ ತೀರ್ಪಿನ ದಿನ ಪ್ರಭು ಕೇಳುವ ಪ್ರಶ್ನೆ ಮತ್ತಾಯ 25ರಲ್ಲಿ ಸ್ಪಷ್ಟವಾಗಿದೆ. ನಾನು ಬರುವ ದಿನವನ್ನು ಸರಿಯಾಗಿ ಹೇಳಿದಿರಾ ಎಂದು ಅವರು ಕೇಳುವುದಿಲ್ಲ. ರೋಗಿಯಾಗಿದ್ದಾಗ ನೋಡಿಕೊಂಡಿರಾ ಎಂದು ಕೇಳುತ್ತಾರೆ.

ಇದನ್ನೆಲ್ಲ ಆ ತಾಯಿಯ ಮನೆಗೆ ಹೋಗಿ ನಿಧಾನವಾಗಿ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಗಡಿ ಮುಚ್ಚಿದಾಗ ನಮ್ಮವರಿಗೆ ಡಯಾಲಿಸಿಸ್ ಆಗಬೇಕಿತ್ತು. ಕಾಸರಗೋಡಿಗೆ ಕಾರಿನಲ್ಲಿ ಕರೆದುಕೊಂಡು ಹೋದವನು ಬೇಲಿಯಾಚೆಯ ಆ ಹುಡುಗನೇ. ಪೆಟ್ರೋಲಿಗೂ ದುಡ್ಡು ಮುಟ್ಟಲಿಲ್ಲ.”

“ಹಾಗಾದರೆ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಹೇಳಿದಿರಿ, ಮಾಂಯ್” ಎಂದೆ. ಅವರು ಮೊಬೈಲು ನನ್ನ ಕೈಗೆ ಕೊಟ್ಟರು. ಸಂದೇಶವನ್ನು ಅಳಿಸಿದೆವು.

ಪ್ರಿಯರೇ, ಇಂಥ ಸಂದೇಶ ನಿಮ್ಮ ಮನೆಗೂ ಬರಬಹುದು. ಮುಂದಕ್ಕೆ ಕಳುಹಿಸುವ ಮೊದಲು ಎರಡು ವಿಷಯ ಯೋಚಿಸಿ. ಇದು ನನ್ನಲ್ಲಿ ಭರವಸೆ ಹೆಚ್ಚಿಸುತ್ತದೆಯೇ, ಬರೀ ಭಯವನ್ನೇ? ಇದು ನನ್ನ ಪಾಪವನ್ನು ನನಗೆ ತೋರಿಸುತ್ತದೆಯೇ, ಬೇರೆಯವರ ಕಡೆಗೆ ಬೆರಳು ತೋರಿಸುತ್ತದೆಯೇ? ಅನುಮಾನವಿದ್ದರೆ ನಿಮ್ಮ ಗುರುಗಳನ್ನು ಕೇಳಿ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಪ್ರಕಟನಾ ಗ್ರಂಥದ 21ನೆಯ ಅಧ್ಯಾಯವನ್ನು ಮನೆಮಂದಿಯೆಲ್ಲ ಕುಳಿತು ಓದಿ. ಆ ಗ್ರಂಥ ಮುಗಿಯುವುದು ಮೃಗದಿಂದಲ್ಲ. ನಮ್ಮ ಕಣ್ಣೀರನ್ನು ಒರೆಸುವ ದೇವರಿಂದ. ಓದಿ ಮುಗಿಸಿ ಮಕ್ಕಳ ಹಣೆಗೆ ಶಿಲುಬೆಯ ಗುರುತು ಹಾಕಿ ಮಲಗಿಸಿ.