ಪಂದ್ಯ ಮುಗಿದ ಮೇಲಿನ ತೀರ್ಪು

2018ನೆಯ ಜನವರಿ 8ರ ರಾತ್ರಿ, ಅಟ್ಲಾಂಟ ನಗರದ ಕ್ರೀಡಾಂಗಣದಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆದ ಅಂತಿಮ ಪಂದ್ಯದ ಮೊದಲರ್ಧ ಮುಗಿದು, ಜಾರ್ಜಿಯ ವಿಶ್ವವಿದ್ಯಾನಿಲಯದ ಹೆಸರಿನ ಮುಂದೆ 13 ಅಂಕಗಳೂ ಅಲಬಾಮ ವಿಶ್ವವಿದ್ಯಾನಿಲಯದ ಹೆಸರಿನ ಮುಂದೆ ಬರಿಯ ಸೊನ್ನೆಯೂ ಕಾಣುತ್ತಿದ್ದಾಗ, ಅಲಬಾಮದ ಕೋಚ್ ನಿಕ್ ಸೇಬನ್ ಅವರು ಕೈಗೊಂಡ ಒಂದು ನಿರ್ಧಾರವನ್ನು ಕುರಿತು ಆ ದೇಶದ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ನಾವು ಫುಟ್‌ಬಾಲ್ ಎಂದು ಕರೆಯುವ ಆಟ ಅದಲ್ಲ. ಎರಡು ತುದಿಗಳೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಲೋ ಮುಂದಕ್ಕೆಸೆಯುತ್ತಲೋ, ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುನ್ನಡೆಯುತ್ತ ಎದುರಾಳಿಯ ಗಡಿಯನ್ನು ಮುಟ್ಟಬೇಕಾದ ಆಟ ಅದು. ಕ್ವಾರ್ಟರ್‌ಬ್ಯಾಕ್ ಎಂಬಾತನ ಕೈಯಿಂದಲೇ ಬಹುತೇಕ ಪ್ರತಿಯೊಂದು ಯತ್ನವೂ ಹೊರಡುವುದರಿಂದ, ಆತನನ್ನು ನಡುಪಂದ್ಯದಲ್ಲಿ ಬದಲಾಯಿಸುವುದೆಂದರೆ ತೇರು ಬೀದಿಯಲ್ಲಿ ಸಾಗುತ್ತಿರುವಾಗಲೇ ಅದರ ಗಾಲಿಯನ್ನು ಬದಲಾಯಿಸುವಷ್ಟು ದೊಡ್ಡ ಕೆಲಸ. ಸೇಬನ್ ಅವರು ಮಾಡಿದುದು ಅದನ್ನೇ. ತಾನು ಆರಂಭಿಸಿದ ಪಂದ್ಯಗಳಲ್ಲಿ ಅದುವರೆಗೆ ಎರಡನ್ನು ಮಾತ್ರ ಸೋತಿದ್ದ ಜೇಲನ್ ಹರ್ಟ್ಸ್ ಎಂಬ ಹತ್ತೊಂಬತ್ತು ವರ್ಷದ ಹುಡುಗನನ್ನು ಕೂರಿಸಿ, ಆಗಲೇ ಗೆದ್ದಾಗಿದ್ದ ಪಂದ್ಯಗಳ ಕೊನೆಯ ಭಾಗದಲ್ಲಷ್ಟೆ ಆಡಿ ಅನುಭವವಿದ್ದ, ಹವಾಯಿ ದ್ವೀಪದಿಂದ ಬಂದ ಎಡಗೈಯ ಟುವಾ ಟ್ಯಾಗೊವೈಲೋವ ಎಂಬ, ಅವನಷ್ಟೇ ವಯಸ್ಸಿನ ಹುಡುಗನನ್ನು ಅವರು ಅಂಕಣಕ್ಕಿಳಿಸಿದರು. ಅಲಬಾಮ 26-23ರಲ್ಲಿ ಗೆದ್ದಿತು.

ಅಂದಿನಿಂದ ಆ ನಿರ್ಧಾರಕ್ಕೆ ಪ್ರತಿಭೆಯ ಪರಾಕಾಷ್ಠೆಯೆಂಬ ಹೆಸರು ಬಂದಿದೆ. ಹೀಗೆ ಹೊಗಳುವವರೊಡನೆ ನನಗೆ ವಿರೋಧವಿರುವುದು ಆ ನಿರ್ಧಾರ ತಪ್ಪೆಂಬ ಕಾರಣದಿಂದಲ್ಲ, ಅದು ಸರಿಯೆಂದು ಅವರು ತಿಳಿದುಕೊಂಡ ಬಗೆಯಿಂದ. ಗೆದ್ದುದರಿಂದ ಸರಿಯಾಯಿತು ಎನ್ನುವವರು, ಸೋತಿದ್ದರೆ ತಪ್ಪಾಗುತ್ತಿತ್ತು ಎಂಬುದನ್ನೂ ಒಪ್ಪಿಕೊಂಡಂತೆಯೇ. ಹಾಗೆ ಒಪ್ಪಿಕೊಂಡ ಮೇಲೆ ಅವರು ಹೊಗಳುತ್ತಿರುವುದು ಮನುಷ್ಯನ ವಿವೇಕವನ್ನಲ್ಲ, ಚೆಂಡು ಉರುಳಿದ ದಿಕ್ಕನ್ನು.

ಆ ರಾತ್ರಿ ಚೆಂಡು ಎಷ್ಟು ಸಲ ಬೇರೆ ದಿಕ್ಕಿಗೆ ಉರುಳಬಹುದಾಗಿತ್ತೆಂಬುದನ್ನು ಜ್ಞಾಪಿಸಿಕೊಳ್ಳೋಣ. ಹೊಸ ಹುಡುಗ ಚೆಂಡನ್ನು ಗಡಿ ಮುಟ್ಟಿಸಿ ತಂಡಕ್ಕೆ ಮೊದಲ ಅಂಕಗಳನ್ನು ಗಳಿಸಿಕೊಟ್ಟನು ನಿಜ. ಆದರೆ ಜಾರ್ಜಿಯ ಕೂಡಲೇ 20-7ಕ್ಕೆ ಏರಿತು. ಬಳಿಕ ಅದೇ ಹುಡುಗ ಎಸೆದ ಚೆಂಡು ನೇರವಾಗಿ ಎದುರಾಳಿಯ ಕೈ ಸೇರಿತು. ಅಲ್ಲಿಗೆ ಕಥೆ ಮುಗಿದಿದ್ದರೆ, ಅನುಭವವಿಲ್ಲದ ಬಾಲಕನನ್ನು ಕಟ್ಟಕಡೆಯ ಪಂದ್ಯದ ಉರಿಗೆ ನೂಕಿದ ಮೂರ್ಖತನವೆಂದು ಅದೇ ಅಭಿಮಾನಿಗಳು ಬೊಬ್ಬಿಡುತ್ತಿದ್ದರು. ಆದರೆ ಜಾರ್ಜಿಯದ ಮರುಯತ್ನದಲ್ಲಿಯೇ ಅವರ ಚೆಂಡು ಯಾರಿಗೋ ತಗಲಿ ಮೇಲೆ ಚಿಮ್ಮಿ ಅಲಬಾಮದ ರಕ್ಷಣಾಟಗಾರನೊಬ್ಬನ ಕೈಗೆ ಬಂದು ಬಿದ್ದಿತು. ಹೀಗೆ ಬಿದ್ದುದರಲ್ಲಿ ಸೇಬನ್ ಅವರ ಪ್ರತಿಭೆಯ ಪಾತ್ರವೇನೂ ಇರಲಿಲ್ಲವಷ್ಟೆ. ಅನಂತರ ಅಂಕ 20-20 ಆಯಿತು. ನಿಯತ ಕಾಲದ ಕೊನೆಯ ಗಳಿಗೆಯಲ್ಲಿ ಗೆಲುವಿನ ಅಂಕ ತರಬಹುದಾಗಿದ್ದ 36 ಗಜದ ಒದೆತವೊಂದನ್ನು ಅಲಬಾಮದ ಒದೆಗಾರ ಎಡಕ್ಕೆ ತಪ್ಪಿಸಿದನು. ಹೆಚ್ಚುವರಿ ಆಟದಲ್ಲಿ ಜಾರ್ಜಿಯ 51 ಗಜದ ದೂರದಿಂದ ಒದ್ದು 23ಕ್ಕೆ ಏರಿತು.

ಅನಂತರ ಸರದಿ ಅಲಬಾಮದ್ದು; ಅದರ ಎರಡು ಯತ್ನಗಳನ್ನು ನಿಧಾನವಾಗಿ ನೋಡಬೇಕು. ಮೊದಲನೆಯದರಲ್ಲಿ ಟುವಾ, ಚೆಂಡನ್ನು ಬಿಸಾಡಿ ನಷ್ಟ ತಪ್ಪಿಸಿಕೊಳ್ಳುವ ಬದಲು ಹಿಂದಕ್ಕೆ ಹಿಂದಕ್ಕೆ ಓಡಿ, ಎದುರಾಳಿಗಳ ಕೈಗೆ ಸಿಕ್ಕಿ ನೆಲಕ್ಕೆ ಬಿದ್ದು 16 ಗಜಗಳನ್ನು ಕಳೆದನು. ಅದು ತಪ್ಪೇ, ಎಳೆಯ ವಯಸ್ಸಿನ ತಪ್ಪು. ಈಗ ಮುನ್ನಡೆಯಬೇಕಾದುದು 26 ಗಜ. ಗಡಿ ಇರುವುದು 41 ಗಜದಾಚೆ. ಅಲ್ಲಿಂದ ಒದ್ದು ಅಂಕ ಗಳಿಸುವೆನೆಂಬ ಭರವಸೆ ಆಗತಾನೆ 36 ಗಜಕ್ಕೆ ತಪ್ಪಿದ ತಂಡಕ್ಕೆ ಉಳಿದಿರಲಿಲ್ಲ. ಮರುಯತ್ನದಲ್ಲಿ ಆ ಹುಡುಗ ಚೆಂಡನ್ನು ಹಿಡಿದು, ಕಣ್ಣಿನಿಂದ ರಕ್ಷಣಾಟಗಾರನನ್ನು ನಡುಭಾಗದಲ್ಲಿಯೇ ಹಿಡಿದಿಟ್ಟು, ಆಮೇಲೆ ಎಡಕ್ಕೆ ತಿರುಗಿ ದೂರಕ್ಕೆಸೆದನು. ಎಡದಂಚಿನಲ್ಲಿ ಒಬ್ಬನೇ ಓಡುತ್ತಿದ್ದ ಡೆವೊಂಟ ಸ್ಮಿತ್ ಎಂಬ, ಟುವಾನಂತೆಯೇ ಮೊದಲ ವರ್ಷದ ವಿದ್ಯಾರ್ಥಿ ಓಡುತ್ತಿದ್ದ ಹಾಗೆಯೇ ಅದನ್ನು ಹಿಡಿದು ಗಡಿ ದಾಟಿದನು. 41 ಗಜ. ಮೊದಲ ಯತ್ನದ ತಪ್ಪನ್ನೂ ಎರಡನೆಯ ಯತ್ನದ ಚಮತ್ಕಾರವನ್ನೂ ಮಾಡಿದವನು ಆ ಹುಡುಗನೇ ಆಗಿರುವಲ್ಲಿ, ಎರಡನೆಯದನ್ನು ಮಾತ್ರ ಎತ್ತಿ ಕೋಚರ ಕಿರೀಟಕ್ಕೆ ಸಿಕ್ಕಿಸುವುದು ಯಾವ ನ್ಯಾಯ?

ನಿರ್ಧಾರವನ್ನು ತೂಗಬೇಕಾದುದು ಅದನ್ನು ಕೈಗೊಂಡ ಗಳಿಗೆಯಲ್ಲಿ, ಕೈಗೊಂಡವನ ಕಣ್ಣಿಗೆ ಕಾಣುತ್ತಿದ್ದುದನ್ನು ಮಾತ್ರವೇ ತಕ್ಕಡಿಯಲ್ಲಿಟ್ಟು ಎಂಬುದೇ ನನ್ನ ವಾದ. ಹಾಗೆ ತೂಗಿದರೂ ಸೇಬನ್ ಅವರ ನಿರ್ಧಾರ ಸರಿಯಾಗಿಯೇ ನಿಲ್ಲುತ್ತದೆ. ಹರ್ಟ್ಸ್ ಮೊದಲರ್ಧದಲ್ಲಿ ಎಸೆದ ಎಂಟರಲ್ಲಿ ಮೂರು ಮಾತ್ರ ಸಹ ಆಟಗಾರರ ಕೈ ಸೇರಿದ್ದುವು, ಗಳಿಸಿದುದು 21 ಗಜ. ಓಟವನ್ನು ಎದುರಾಳಿ ಕಟ್ಟಿಹಾಕಿದ್ದಾಗ ಎಸೆತವೊಂದೇ ದಾರಿಯಾಗಿತ್ತು. ಎಸೆತದಲ್ಲಿ ಟುವಾ ನುರಿತವನೆಂಬುದನ್ನು ಅಭ್ಯಾಸದ ಬಯಲಿನಲ್ಲಿ ಪ್ರತಿದಿನವೂ ನೋಡಿದ್ದವರು ಅವರು. ಕಳೆದುಕೊಳ್ಳಲು ಇದ್ದುದು ಆಗಲೇ ಕೈಜಾರುತ್ತಿದ್ದ ಪಂದ್ಯ, ಪಡೆಯಲು ಇದ್ದುದು ಪ್ರಶಸ್ತಿ. ಟುವಾ ಎಸೆದ ಕೊನೆಯ ಚೆಂಡು ನೆಲಕ್ಕೆ ಬಿದ್ದು ಅಲಬಾಮ ಸೋತಿದ್ದರೂ ಈ ಲೆಕ್ಕ ಒಂದಿಷ್ಟೂ ಬದಲಾಗುತ್ತಿರಲಿಲ್ಲ.

ಸೋತೂ ಸರಿಯಾಗಿದ್ದ ನಿರ್ಧಾರ ಈ ಆಟದ ಚರಿತ್ರೆಯಲ್ಲಿಯೇ ಇದೆ. 1984ರ ಜನವರಿ 2ರ ರಾತ್ರಿ ಮಯಾಮಿಯಲ್ಲಿ, ಒಂದು ಪಂದ್ಯವನ್ನೂ ಸೋಲದೆ ಬಂದಿದ್ದ ನೆಬ್ರಾಸ್ಕ ತಂಡ 31-17ರಷ್ಟು ಹಿಂದುಳಿದಿದ್ದು, ಕಡೆಯ ನಿಮಿಷದೊಳಗೆ 31-30ಕ್ಕೆ ಬಂದು ನಿಂತಿತು. ಆ ಕಾಲದಲ್ಲಿ ಕಾಲೇಜು ಆಟಕ್ಕೆ ಹೆಚ್ಚುವರಿ ಆಟದ ನಿಯಮವಿರಲಿಲ್ಲ. ಗಡಿ ಮುಟ್ಟಿದ ಮೇಲೆ ಸಿಗುವ ಹೆಚ್ಚುವರಿ ಯತ್ನದಲ್ಲಿ ಒಂದಂಕದ ಸುಲಭದ ಒದೆತವನ್ನು ಆರಿಸಿಕೊಂಡಿದ್ದರೆ ಪಂದ್ಯ ಸಮವಾಗುತ್ತಿತ್ತು, ರಾಷ್ಟ್ರೀಯ ಪ್ರಶಸ್ತಿ ಬಹುಮಟ್ಟಿಗೆ ಅವರದೇ ಆಗುತ್ತಿತ್ತು. ಕೋಚ್ ಟಾಮ್ ಆಸ್ಬೋರ್ನ್ ಅವರು ಗೆಲ್ಲುವುದಕ್ಕೆಂದು ಎರಡಂಕದ ಯತ್ನವನ್ನು ಆರಿಸಿಕೊಂಡರು. ಎಸೆದ ಚೆಂಡನ್ನು ಮಯಾಮಿ ವಿಶ್ವವಿದ್ಯಾನಿಲಯದ ಆಟಗಾರನ ಬೆರಳೊಂದು ಸವರಿತು, ಪ್ರಶಸ್ತಿ ಹೋಯಿತು. ಗೆಲ್ಲಲು ಬಂದವರು ಗೆಲ್ಲಲು ಯತ್ನಿಸಿದರೆಂದು ಆ ಮನುಷ್ಯನನ್ನು ನೆಬ್ರಾಸ್ಕದ ಜನ ಇಂದಿಗೂ ಗೌರವಿಸುತ್ತಾರೆ. ಆ ಜನರಿಗೆ ಸಾಧ್ಯವಾದುದು ಉಳಿದವರಿಗೇಕೆ ಆಗಬಾರದು?

ಆಗದೆಂಬುದನ್ನು ನಾನು ಅಟ್ಲಾಂಟದಲ್ಲಿಯೇ ಕಂಡೆನು. 2018ರ ಡಿಸೆಂಬರ್ 1ರಂದು ಅದೇ ಕ್ರೀಡಾಂಗಣದಲ್ಲಿ ಅದೇ ಎರಡು ತಂಡಗಳು ಮತ್ತೆ ಎದುರಾದಾಗ ಆ ಊರಿನ ಹೊರವಲಯದಲ್ಲಿ ನೆಲೆಸಿರುವ ಮೈಸೂರಿನ ಸ್ನೇಹಿತರೊಬ್ಬರ ಮನೆಯಲ್ಲಿದ್ದೆನು. ಅವರ ಮಗ ಜಾರ್ಜಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ, ಕೆಂಪು ಅಂಗಿ ತೊಟ್ಟು ಟೆಲಿವಿಷನ್ ಮುಂದೆ ನೆಲದ ಮೇಲೆಯೇ ಕುಳಿತಿದ್ದ. ಜಾರ್ಜಿಯ 28-14ರಷ್ಟು ಮುಂದಿದ್ದಿತು. ನಾಲ್ಕನೆಯ ಭಾಗದಲ್ಲಿ ಟುವಾನ ಕಾಲಿಗೆ ಪೆಟ್ಟಾಗಿ, ಹನ್ನೊಂದು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಕೂರಿಸಲ್ಪಟ್ಟಿದ್ದ ಹರ್ಟ್ಸ್ ಎದ್ದು ಬಂದು ಪಂದ್ಯವನ್ನು 28-28ಕ್ಕೆ ತಂದನು. ಆಗ ಮೂರು ನಿಮಿಷಗಳಷ್ಟೇ ಉಳಿದಿರಲು, ನಡುಗೆರೆಯ ಬಳಿ ಜಾರ್ಜಿಯದ ನಾಲ್ಕನೆಯ ಯತ್ನ; ಬೇಕಾದುದು 11 ಗಜ. ಚೆಂಡನ್ನು ಒದ್ದು ದೂರಕ್ಕಟ್ಟುವುದು ವಾಡಿಕೆ. ಕೋಚ್ ಕರ್ಬಿ ಸ್ಮಾರ್ಟ್ ಅವರು ಒದೆಯುವ ಸೋಗು ಹಾಕಿಸಿ, ಚೆಂಡನ್ನು ಜಸ್ಟಿನ್ ಫೀಲ್ಡ್ಸ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್‌ನ ಕೈಗೆ ಕೊಡಿಸಿದರು. ಆತ ಎರಡು ಗಜ ಹೋಗುವಷ್ಟರಲ್ಲಿ ಕೆಡವಲ್ಪಟ್ಟನು. ಸ್ವಲ್ಪ ಹೊತ್ತಿಗೆ ಹರ್ಟ್ಸ್ 15 ಗಜ ಓಡಿ ಗಡಿ ಮುಟ್ಟಿದನು, 35-28.

ಹುಡುಗ ತಲೆಯ ಮೇಲೆ ಕೈಯಿಟ್ಟುಕೊಂಡು, “ಅಪ್ಪಾ, ಇವರಿಗೆ ಬುದ್ಧಿ ಇದೆಯಾ?” ಎಂದ. ತಂದೆ ಕುರ್ಚಿಯಿಂದ ಏಳದೆಯೇ, “ಆ ಫೀಲ್ಡ್ಸ್ ಹನ್ನೊಂದು ಗಜ ಓಡಿಬಿಟ್ಟಿದ್ದರೆ ನೀನೇ ಎದ್ದು ಕುಣೀತಿದ್ದೆಯಲ್ಲೋ, ಆಗ ಎಲ್ಲಿತ್ತು ಬುದ್ಧಿ?” ಎಂದರು. ಮಗ ಉತ್ತರ ಕೊಡಲಿಲ್ಲ; ಮೂರು ವರ್ಷದ ಬಳಿಕ, 2022ರ ಜನವರಿಯಲ್ಲಿ ಇದೇ ಸ್ಮಾರ್ಟ್ ಅವರು ಇದೇ ಅಲಬಾಮವನ್ನು 33-18ರಲ್ಲಿ ಸೋಲಿಸಿ ಜಾರ್ಜಿಯಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಾಗ, ಅವರಂಥ ಬುದ್ಧಿವಂತ ಕೋಚ್ ಇನ್ನೊಬ್ಬರಿಲ್ಲವೆಂದು ಹೇಳಿದವನೂ ಅವನೇ.

ಸ್ನೇಹಿತರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ತನ್ನ ರಕ್ಷಣೆ ಹರ್ಟ್ಸ್‌ನ ಓಟವನ್ನು ತಡೆಯಲಾರದೆಂದು ಕಂಡ ಕೋಚ್, ಚೆಂಡನ್ನು ಅವನ ಕೈಗೆ ಮರಳಿಸದಿರಲು ಹವಣಿಸಿದುದು ತಪ್ಪಲ್ಲ. ಒಬ್ಬ ಆಟಗಾರ ಕಾವಲಿಲ್ಲದೆ ನಿಂತಿದ್ದನೆಂದು ಸ್ಮಾರ್ಟ್ ಅವರು ಪಂದ್ಯದ ಬಳಿಕ ಹೇಳಿಕೊಂಡುದೂ ನಂಬತಕ್ಕ ಮಾತೇ. ಆದರೆ ಅಲಬಾಮ ತನ್ನ ರಕ್ಷಣಾ ಪಡೆಯನ್ನು ಅಂಕಣದಿಂದ ಹಿಂದಕ್ಕೆ ಕರೆಸಿಕೊಂಡಿರಲಿಲ್ಲ; ಚೆಂಡು ಕೈಗೆ ಬರಲು ತಡವಾಯಿತು, ಅಷ್ಟರೊಳಗೆ ಆ ಕಾವಲಿಲ್ಲದವನ ಎದುರಿಗೂ ಆಳು ಬಂದು ನಿಂತಿದ್ದಿತು. ಸೋಗು ಬಯಲಾದ ಮೇಲೆ ಆಟವನ್ನು ನಿಲ್ಲಿಸಿ ಬೇರೆ ಯೋಚಿಸಲು ಅವಕಾಶವಿದ್ದಿತು. ತಪ್ಪು ಇದ್ದುದು ಅಲ್ಲಿ, ಆ ಕೆಲವು ಕ್ಷಣಗಳ ವಿಳಂಬದಲ್ಲಿ, ಸಾಹಸದಲ್ಲಲ್ಲ. ಫಲವನ್ನಷ್ಟೆ ನೋಡಿ ಬೈಯುವವರಿಗೆ ಈ ವ್ಯತ್ಯಾಸ ಎಂದಿಗೂ ಕಾಣದು, ಕಾಣದುದರಿಂದ ಮುಂದಿನ ಕೋಚ್ ಕಲಿಯುವುದು ಧೈರ್ಯ ಮಾಡಬಾರದೆಂಬ ಒಂದೇ ಪಾಠವನ್ನು.

ಆ ರಾತ್ರಿಯ ಹರ್ಟ್ಸ್‌ನನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದೇಶವೆಲ್ಲ ನೋಡುತ್ತಿರುವಾಗ ಕೂರಿಸಲ್ಪಟ್ಟ ಹುಡುಗ, ಬೇರೆ ಕಾಲೇಜಿಗೆ ಹೋಗಬಹುದಾಗಿದ್ದರೂ ಆ ವರ್ಷ ಹೋಗಲಿಲ್ಲ, ಅಭ್ಯಾಸ ಬಿಡಲಿಲ್ಲ, ತನ್ನ ಸ್ಥಾನಕ್ಕೆ ಬಂದವನ ಜೊತೆಗೆ ನಿಂತನು, ಪದವಿಯನ್ನು ಮುಗಿಸಿಕೊಂಡ ಮೇಲೆಯೇ ಓಕ್ಲಹಾಮ ವಿಶ್ವವಿದ್ಯಾನಿಲಯಕ್ಕೆ ತೆರಳಿದನು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯ ತಂಡದ ನಾಯಕನಾಗಿ ವೃತ್ತಿಪರ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದು ಆ ಪಂದ್ಯದ ಶ್ರೇಷ್ಠ ಆಟಗಾರನೆನಿಸಿಕೊಂಡವನು ಅವನೇ. 2018ರ ಡಿಸೆಂಬರಿನ ಆ ಗೆಲುವಿನ ಬಳಿಕ ಸೇಬನ್ ಅವರಂಥ ಕಠಿಣ ಮನುಷ್ಯನ ಕಣ್ಣುಗಳೂ ತುಂಬಿಬಂದಿದ್ದುವು. ಕೋಚರ ಜಾಣ್ಮೆಯ ಚರ್ಚೆಗೆ ಮೀಸಲಿಟ್ಟ ಗಂಟೆಗಳಲ್ಲಿ ಒಂದನ್ನಾದರೂ ಅಭಿಮಾನಿಗಳು ಈ ಹುಡುಗನ ಹನ್ನೊಂದು ತಿಂಗಳುಗಳಿಗೆ ಕೊಡಬೇಕಾಗಿತ್ತು.

ಇನ್ನು ನನ್ನ ತಕ್ಕಡಿಯಲ್ಲಿ ಹಗುರವಾಗಿ ತೂಗುವ ನಿರ್ಧಾರಕ್ಕೆ ಬರುತ್ತೇನೆ. ಅದೂ ಸೇಬನ್ ಅವರದೇ. 2019ರ ಅಕ್ಟೋಬರಿನಲ್ಲಿ ಟುವಾನ ಹರಡಿಗೆ ಶಸ್ತ್ರಚಿಕಿತ್ಸೆಯಾಗಿದ್ದಿತು. ನಾಲ್ಕು ವಾರ ಕಳೆಯುವಷ್ಟರಲ್ಲಿ, ನವೆಂಬರ್ 16ರಂದು, ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾನಿಲಯದ ವಿರುದ್ಧ ಆತ ಆಡುತ್ತಿದ್ದನು. ಮೊದಲರ್ಧ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅಲಬಾಮ 35-7ರಷ್ಟು ಮುಂದಿದ್ದಿತು. ಪಂದ್ಯದಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆದರೂ ಇನ್ನೊಂದು ಸರದಿ ಆಡಲೆಂದು, ಅವಸರದ ಆಟದ ಅಭ್ಯಾಸವಾಗಲೆಂದು, ಅವನನ್ನು ಉಳಿಸಿಕೊಂಡರು. ಇಬ್ಬರು ಆಟಗಾರರು ಮೈಮೇಲೆ ಬಿದ್ದು, ಅವನ ಬಲಸೊಂಟದ ಕೀಲು ತಪ್ಪಿ ಮೂಳೆ ಮುರಿಯಿತು.

ಪೆಟ್ಟು ಯಾವಾಗ ಬೇಕಾದರೂ ಆಗಬಹುದು, ಆಡಬೇಕೆಂದು ಹುಡುಗನೇ ಕೇಳಿದ್ದ ಎಂದು ಸೇಬನ್ ಅವರ ಪಕ್ಷದವರು ಹೇಳುತ್ತಾರೆ. ಎರಡೂ ಸತ್ಯ, ಎರಡೂ ಅಪ್ರಸ್ತುತ. ಇಪ್ಪತ್ತೊಂದು ವರ್ಷದ ಆಟಗಾರ ಆಡುವೆನೆಂದೇ ಕೇಳುತ್ತಾನೆ. ಬೇಡವೆನ್ನುವುದಕ್ಕೆಂದೇ ಹಿರಿಯನೊಬ್ಬನನ್ನು ಅಂಕಣದ ಅಂಚಿನಲ್ಲಿ ನಿಲ್ಲಿಸಿರುವುದು. ಆ ದಿನಗಳಲ್ಲಿ ಕಾಲೇಜು ಆಟಗಾರನಿಗೆ ವಿದ್ಯಾರ್ಥಿವೇತನವನ್ನು ಬಿಟ್ಟರೆ ತನ್ನ ಹೆಸರಿನಿಂದ ಹಣ ಗಳಿಸಲು ನಿಯಮ ಬಿಡುತ್ತಿರಲಿಲ್ಲ, ಆ ಕಟ್ಟು ಸಡಿಲವಾದುದು 2021ರ ಜುಲೈಯಲ್ಲಿ. ಅವನ ಬಾಳಿನ ಬಂಡವಾಳವೆಲ್ಲ ಆ ದೇಹವೇ. ಒಂದು ಕಡೆ ಆ ದೇಹ, ಇನ್ನೊಂದು ಕಡೆ ಗೆದ್ದಾಗಿದ್ದ ಪಂದ್ಯದಲ್ಲಿ ಇನ್ನೊಂದು ಸರದಿಯ ಅಭ್ಯಾಸ. ಪಣಕ್ಕಿಟ್ಟುದಕ್ಕೂ ಪಡೆಯಬಹುದಾಗಿದ್ದುದಕ್ಕೂ ಹೋಲಿಕೆಯೇ ಇಲ್ಲ. ಆದುದರಿಂದಲೇ, ಟುವಾ ಅಂದು ಕೂದಲೂ ಕೊಂಕದೆ ನಗುತ್ತ ಹೊರಬಂದಿದ್ದರೂ ಆ ನಿರ್ಧಾರ ತಪ್ಪೇ ಆಗಿರುತ್ತಿತ್ತೆಂದು ನಾನು ಹೇಳುವೆನು. ಹಾಗೆ ಹೊರಬಂದಿದ್ದರೆ ಒಬ್ಬ ಅಭಿಮಾನಿಯೂ ಅದನ್ನು ಕುರಿತು ಒಂದು ಮಾತನ್ನೂ ಆಡುತ್ತಿರಲಿಲ್ಲವೆಂಬುದೇ ನನ್ನ ದೂರು.

ಅವನನ್ನು ಸಣ್ಣ ಗಾಡಿಯೊಂದರ ಮೇಲೆ ಅಂಕಣದಿಂದ ಹೊರಕ್ಕೆ ಕೊಂಡೊಯ್ದರು. ಮೂಗಿನಿಂದ ರಕ್ತ ಸೋರುತ್ತಿದ್ದಿತು. ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಬರ್ಮಿಂಗ್‌ಹ್ಯಾಮ್ ಊರಿನ ಆಸ್ಪತ್ರೆಗೆ ಸಾಗಿಸಿದರು. ಅವನ ಬದಲಿಗೆ ಆಡಬೇಕಾಗಿದ್ದ ಮ್ಯಾಕ್ ಜೋನ್ಸ್, ಅವನು ಬೀಳುವ ಮುಂಚಿನಿಂದಲೇ ಅಂಕಣದ ಅಂಚಿನಲ್ಲಿ ಚೆಂಡೆಸೆಯುತ್ತ ಮೈ ಬಿಸಿಮಾಡಿಕೊಳ್ಳುತ್ತಿದ್ದನು.