ತೂಕದ ಯಂತ್ರಕ್ಕೆ ತಿಳಿಯದ್ದು

ಮಕ್ಕಳೇ, ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆದ ದಿನ ತೂಕದ ಯಂತ್ರದಿಂದ ಇಳಿದವರಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನಿಂದು ಎಷ್ಟು ಬಂತು?" ಸ್ವಲ್ಪ ದಪ್ಪಗಿರುವ ಹುಡುಗಿ ಹೇಳಲು ನಾಚುತ್ತಾಳೆ. ಮರುದಿನದಿಂದ ಬೆಳಗಿನ ರೊಟ್ಟಿ ಬಿಡುತ್ತಾಳೆ. ತೆಳ್ಳಗಿನ ಹುಡುಗನಿಗೆ ಜಿಮ್ಮಿನ ಬೋರ್ಡಿನ ಮೇಲಿರುವ ಉಬ್ಬಿದ ತೋಳುಗಳ ಮೇಲೆ ಕಣ್ಣು. ಡಬ್ಬಿಯ ಪುಡಿ ತಿಂದರೆ ತಾನೂ ಹಾಗಾಗಬಹುದೆಂಬ ಆಸೆ. ಇಬ್ಬರೂ ತಪ್ಪು ದಾರಿ ಹಿಡಿದಿದ್ದಾರೆಂದು ನನ್ನ ಅಭಿಪ್ರಾಯ.

ಯಂತ್ರವು ಮೂಳೆ, ಸ್ನಾಯು, ಕೊಬ್ಬು, ನೀರು, ಆಗ ತಾನೇ ಉಂಡ ಅನ್ನ ಎಲ್ಲವನ್ನೂ ಕೂಡಿಸಿ ಒಂದೇ ಅಂಕಿ ತೋರಿಸುತ್ತದೆ. ಒಂದು ಲೀಟರ್ ಅಳತೆಯ ಸ್ನಾಯು ಸುಮಾರು 1.06 ಕಿಲೊಗ್ರಾಂ ತೂಗುತ್ತದೆ. ಅಷ್ಟೇ ಅಳತೆಯ ಕೊಬ್ಬು ಸುಮಾರು 0.9 ಕಿಲೊಗ್ರಾಂ. ಆದ್ದರಿಂದ ಕೊಬ್ಬು ತುಸು ಕರಗಿ ಸ್ನಾಯು ತುಸು ಬೆಳೆದರೆ ಮೈ ಗಟ್ಟಿಯಾಗುತ್ತದೆ, ತೂಕ ಮಾತ್ರ ಇದ್ದಲ್ಲೇ ಇರಬಹುದು. ಅಲ್ಲದೆ ನಿಮ್ಮದು ಬೆಳೆಯುವ ವಯಸ್ಸು. ಎತ್ತರದೊಂದಿಗೆ ತೂಕವೂ ಏರಬೇಕು.

ಸ್ನಾಯು ಬಲಗೊಳ್ಳುವುದು ಹೇಗೆ? ಮಸ್ಕಿಗೆ ಹೋಗೋಣ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಊರು ಅದು. ಅಲ್ಲಿ ಬೆಟ್ಟದ ಮೇಲಿನ ಮಲ್ಲಿಕಾರ್ಜುನ ಗುಡಿಗೆ ಹತ್ತಿದ್ದೀರಾ? ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವುದು ಸಲೀಸು. ಆದರೆ ಮರುದಿನ ತೊಡೆ ಹಿಡಿದುಕೊಂಡು ನಡೆಯುವಂತೆ ಮಾಡುವುದು ಹೆಚ್ಚಾಗಿ ಆ ಸಲೀಸಾದ ಇಳಿತವೇ! ಇಳಿಯುವಾಗ ದೇಹ ಮುಗ್ಗರಿಸದಂತೆ ತೊಡೆಯ ಮುಂಭಾಗದ ಸ್ನಾಯು ಬಿಗಿ ಹಿಡಿದಿರುತ್ತದೆ. ಬಿಗಿ ಹಿಡಿದಂತೆಯೇ ಉದ್ದವೂ ಆಗುತ್ತದೆ. ಆಗ ಅದರ ತಂತುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಯಾಗುತ್ತದೆ. ಈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವೆಂದು ಹಿಂದೆ ಹೇಳುತ್ತಿದ್ದರು. ಅದಾದರೋ ಒಂದೆರಡು ಗಂಟೆಗಳಲ್ಲೇ ಕರಗಿ ಹೋಗಿರುತ್ತದೆ. ನಾಲ್ಕಾರು ದಿನ ಬಿಟ್ಟು ಮತ್ತೆ ಹತ್ತಿಳಿದು ನೋಡಿ, ನೋವು ಕಡಿಮೆ. ರಿಪೇರಿಯಾದ ಸ್ನಾಯು ಅಷ್ಟು ಸಿದ್ಧವಾಗಿರುತ್ತದೆ. ಹಾಗೆಂದು ನೋವಾಗಲೇಬೇಕೆಂದಿಲ್ಲ. ರೂಢಿಗಿಂತ ತುಸು ಹೆಚ್ಚು ಕೆಲಸ, ಆಮೇಲೆ ಊಟ, ನಿದ್ರೆ ಸಾಕು.

ನಿಮ್ಮ ವಯಸ್ಸಿನಲ್ಲಿ ತೋಳು ಉಬ್ಬದೆಯೇ ಬಲ ಹೆಚ್ಚುತ್ತದೆ. ಹೆಚ್ಚು ತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆಯಲು ನರಗಳು ಕಲಿಯುವುದೇ ಇದಕ್ಕೆ ಕಾರಣ. ಗಾತ್ರ ಬರುವುದು ಪ್ರಾಯಕ್ಕೆ ಬಂದ ಮೇಲೆ. ಕನ್ನಡಿ ನೋಡಿ ಬೇಸರಪಡಬೇಡಿ.

ಪುಡಿಯ ಡಬ್ಬಿಯೂ ಬೇಡ. ರೊಟ್ಟಿಯ ಜೊತೆ ಬೇಳೆ, ಶೇಂಗಾ ಹಿಂಡಿ, ಹಾಲು ಇವುಗಳಲ್ಲಿ ಬೇಕಾದ ಪ್ರೋಟೀನು ಇದೆ. 2021ರ ಡಿಸೆಂಬರಿನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಉಂಟು. ತಿನ್ನದವರಿಗೆ ಬಾಳೆಹಣ್ಣು ಎಂದರು; ಅದರಲ್ಲಿರುವುದು ಒಂದು ಗ್ರಾಮಿನ ಆಸುಪಾಸು. ನನ್ನನ್ನು ಕೇಳಿದರೆ ಅವರಿಗೆ ಶೇಂಗಾ ಚಿಕ್ಕಿಯೇ ಮೇಲು.

"ಹೊಲದ ಕೆಲಸ ಮಾಡಿದರೆ ಮೈ ತಾನೇ ಗಟ್ಟಿಯಾಗುತ್ತದೆ, ಆಟ ಯಾಕೆ?" ಎನ್ನುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ. ಸಿಂಧನೂರಿನ ಹಮಾಲರು 75 ಕಿಲೊ ಭತ್ತದ ಚೀಲ ಹೊರುತ್ತಾರೆ, ಲಿಂಗಸುಗೂರು ಕಡೆಯ ಪೈಲ್ವಾನರು ಸಂಗ್ರಾಣಿ ಕಲ್ಲು ಎತ್ತುತ್ತಾರೆ. ಅವರ ಬಲ ದೊಡ್ಡದೇ. ಆದರೆ ನಿಮ್ಮ ಮೂಳೆಗಳ ತುದಿಗಳು ಇನ್ನೂ ಬೆಳೆಯುತ್ತಿವೆ. ದಿನವಿಡೀ ಬಗ್ಗಿ ನಾಟಿ ಮಾಡುವುದು, ಹತ್ತಿ ಮೂಟೆ ಹೊರುವುದು ವ್ಯಾಯಾಮವಲ್ಲ, ದಣಿವು. ವ್ಯಾಯಾಮಕ್ಕೆ ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯವಿರುತ್ತದೆ, ಕೂಲಿಗೆ ಇರುವುದಿಲ್ಲ. ಶಾಲೆ ಬಿಡಿಸಿ ಕರೆದೊಯ್ಯುವುದಂತೂ ಸರಿಯೇ ಅಲ್ಲ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ, ವಾರಕ್ಕೆ ಮೂರು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬಡ್ಡಿ, ಕೊಕ್ಕೊ, ಹಗ್ಗದಾಟ, ಮರ ಹತ್ತುವುದು, ದಂಡ, ಬೈಠಕ್ ಎಲ್ಲವೂ ಆಗುತ್ತದೆ. ಹುಡುಗಿಯರಿಗೂ ಆಟದ ಪಿರಿಯಡ್ ಅಷ್ಟೇ ಬೇಕು.

ಆರೋಗ್ಯದ ಕಾರ್ಡಿನಲ್ಲಿ ಎತ್ತರಕ್ಕೆ, ತೂಕಕ್ಕೆ ಒಂದೊಂದು ಕಾಲಂ ಇದೆ. ಮೂರನೆಯದನ್ನು ನೀವೇ ಗೆರೆ ಎಳೆದುಕೊಳ್ಳಿ: ಒಂದು ನಿಮಿಷಕ್ಕೆ ಎಷ್ಟು ಬೈಠಕ್? ಜೂನ್‌ನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ಎಣಿಸಿ ಬರೆಯಿರಿ.